ತಕ್ತೆ ನೋಡಿ ಆಡುವುದು

ಆಟ ಆಡುವಾಗ ಮುಂದೆ ತಕ್ತೆ ಇಟ್ಟುಕೊಂಡು ಆಡಿದರೆ ಅದು ಮೋಸವೇ, ಅಲ್ಲವೇ? ಹೋದ ದೀಪಾವಳಿ ಸೂಟಿಯಲ್ಲಿ ನಮ್ಮ ವಾಚನಾಲಯದೊಳಗೆ ಈ ಪ್ರಶ್ನೆ ಎದ್ದಿತು. ಎಬ್ಬಿಸಿದವರು ಹುಡುಗರು. ಆದರೆ ಎಂಟು ದಿನ ಅದನ್ನು ಹಿಡಿದು ಜಗ್ಗಾಡಿದವರು ಪೇಪರ್ ಓದಲು ಬರುವ ನಾವು ದೊಡ್ಡವರು. ಅವತ್ತು ಬಾಯಿಗೆ ಬಂದಂತೆ ಆಡಿದ ಮಾತನ್ನು ಈಗ ಸ್ವಲ್ಪ ಜೋಡಿಸಿ ಬರೆಯಬೇಕೆನಿಸಿದೆ. ಆಟದ ಮಾತು ಅಂತ ತಳ್ಳಿಹಾಕಬ್ಯಾಡ್ರಿ. ಮುಂದೆ ಹೋದಂತೆ ಇದು ನಮ್ಮ ಮಕ್ಕಳ ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಆಟದ ಹೆಸರು ‘ಏಜ್ ಆಫ್ ಎಂಪೈರ್ಸ್’, ಅದರ ಎರಡನೆಯದು, 1999ರಲ್ಲಿ ಬಂದದ್ದು. ವಾಚನಾಲಯದ ಎರಡು ಹಳೆಯ ಕಂಪ್ಯೂಟರಿನಲ್ಲಿ ತಡವರಿಸದೆ ಓಡುವ ಆಟ ಇದೊಂದೇ ಅಂತ ಹುಡುಗರು ಹೇಳುತ್ತಾರೆ. ನೋಡದವರಿಗಾಗಿ ನಾಲ್ಕು ಮಾತು. ಮೊದಲಿಗೆ ನಿಮ್ಮ ಕೈಯಲ್ಲಿ ಒಂದು ಸಣ್ಣ ಊರು, ಮೂರು-ನಾಲ್ಕು ಮಂದಿ ಇರುತ್ತಾರೆ. ಅವರಿಂದ ಕಟ್ಟಿಗೆ ಕಡಿಸಬೇಕು, ಹೊಲ ಮಾಡಿಸಬೇಕು, ಕಲ್ಲು-ಬಂಗಾರ ಅಗೆಸಬೇಕು. 500 ಪಾಲು ಆಹಾರ ಕೂಡಿಸಿ, ಬೇಕಾದ ಎರಡು ಕಟ್ಟಡ ಕಟ್ಟಿದರೆ ಊರು ಒಂದು ಯುಗದಿಂದ ಮುಂದಿನ ಯುಗಕ್ಕೆ ದಾಟುತ್ತದೆ. ಅದರ ಮುಂದಿನ ಯುಗಕ್ಕೆ 800 ಆಹಾರ, 200 ಬಂಗಾರ. ಕೊನೆಯ ಯುಗಕ್ಕೆ 1000 ಆಹಾರ, 800 ಬಂಗಾರ. ಪ್ರತಿ ಯುಗದಲ್ಲೂ ಹೊಸ ವಿದ್ಯೆ ಕಲಿಯಲು ಸಿಗುತ್ತದೆ. ಒಂದು ಕಲಿಯದೆ ಅದರ ಮುಂದಿನದು ಸಿಗುವುದಿಲ್ಲ. ವಿಶ್ವವಿದ್ಯಾಲಯ ಕಟ್ಟಿ ರಸಾಯನವಿದ್ಯೆ ಕಲಿಯದಿದ್ದರೆ ತೋಪು ಇಲ್ಲ. ಕಂಬಾರಸಾಲೆ ಕಟ್ಟದಿದ್ದರೆ ಕತ್ತಿಗೆ ಹರಿತವಿಲ್ಲ, ಮೈಗೆ ಕವಚವಿಲ್ಲ. ಎಲ್ಲ ವಿದ್ಯೆಗಳನ್ನು ಗೆರೆ ಎಳೆದು ಒಂದಕ್ಕೊಂದು ಜೋಡಿಸಿದರೆ ಮರದ ಹಾಗೆ ಕಾಣುತ್ತದೆ. ಇದಕ್ಕೇ ಅವರು ‘ಟೆಕ್ ಟ್ರೀ’ ಅನ್ನುತ್ತಾರೆ, ನಾನು ವಿದ್ಯೆಯ ಮರ ಅನ್ನುತ್ತೇನೆ. ಪ್ರತಿ ರಾಜ್ಯಕ್ಕೂ ಮರ ಬೇರೆ. 2000ದಲ್ಲಿ ಸೇರಿಸಿದ ಅಜ್ಟೆಕ್ ರಾಜ್ಯಕ್ಕೆ ಕುದುರೆಲಾಯವೇ ಇಲ್ಲ. ಆ ರಾಜ್ಯ ಹಿಡಿದು ಕುದುರೆದಂಡು ಕಟ್ಟುತ್ತೇನೆಂದು ಕುಳಿತವನು ಸೋತಂತೆಯೇ.

ಈ ಮರವನ್ನು ಆಟದೊಳಗೇ ನೋಡಬಹುದು. ಆದರೆ ಇರುವುದು ಇಂಗ್ಲಿಷಿನಲ್ಲಿ. ನಮ್ಮ ಹುಡುಗರಲ್ಲಿ ಅರ್ಧ ಮಂದಿ ಕನ್ನಡ ಶಾಲೆಯವರು, ಕಾಲುಭಾಗ ಮರಾಠಿ ಶಾಲೆಯವರು. ಮಿರಜಕ್ಕೆ ಬಸ್ಸಿನಲ್ಲಿ ಹೋಗಿ ಇಂಗ್ಲಿಷ್ ಶಾಲೆ ಕಲಿಯುವ ಇಬ್ಬರು ಮೂವರು ಮಾತ್ರ ಅದನ್ನು ಓದಿ ಆಡುತ್ತಿದ್ದರು, ಗೆಲ್ಲುತ್ತಿದ್ದರು. ಹೀಗಿರುವಾಗ ಕನ್ನಡ ಶಾಲೆಯ ಹತ್ತನೆತ್ತೆಯ ಒಬ್ಬ ಹುಡುಗ ನಿಘಂಟು ಇಟ್ಟುಕೊಂಡು, ಗೊತ್ತಿದ್ದವರನ್ನು ಕೇಳಿಕೊಂಡು, ಹಳೆ ಕ್ಯಾಲೆಂಡರಿನ ಹಿಂಬದಿಗೆ ಇಡೀ ಮರವನ್ನು ಕನ್ನಡದಲ್ಲಿ ಬರೆದ. ಯಾವುದಕ್ಕೆ ಎಷ್ಟು ಖರ್ಚು, ಯಾವುದರ ಹಿಂದೆ ಯಾವುದು, ಯಾವ ರಾಜ್ಯಕ್ಕೆ ಏನು ಇಲ್ಲ, ಎಲ್ಲ ಸಾಲಾಗಿ. ಅದನ್ನು ಮಗ್ಗುಲಿಗಿಟ್ಟುಕೊಂಡು ಆಡತೊಡಗಿದ, ಗೆಲ್ಲತೊಡಗಿದ. ಆಗ ಸೋತವರು ಎದ್ದರು. “ಕಾಕಾ, ಇವಾ ಕಾಪಿ ಹೊಡದ ಆಡಾಕತ್ತಾನ್ರೀ, ಇದು ಮೋಸಾರೀ!”

ಕಾಪಿ ಎಂಬ ಮಾತು ಕೇಳಿದ ಕೂಡಲೆ ಮಾಸ್ತರರೆಲ್ಲ ಕಿವಿ ನೆಟ್ಟಗೆ ಮಾಡಿದರು. ಪರೀಕ್ಷೆಯಲ್ಲಿ ಚೀಟಿ ಇಟ್ಟರೆ ತಪ್ಪು, ಆಟದಲ್ಲಿ ಇಟ್ಟರೆ ಹೇಗೆ ಸರಿ ಎಂದರು ಒಬ್ಬರು. ಪರೀಕ್ಷೆಯ ಹೋಲಿಕೆ ಇಲ್ಲಿ ಕೂಡುವುದಿಲ್ಲ ಅಂತ ನನಗೆ ಅನಿಸುತ್ತದೆ. ಯಾಕೆ ಎನ್ನುವುದಕ್ಕೆ ಈ ತಕ್ತೆ ಹುಟ್ಟಿದ ಬಗೆಯನ್ನು ನೋಡಬೇಕು.

1980ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಶಮ್ ಎಂಬವರು ‘ಸಿವಿಲೈಜೇಶನ್’ ಅಂತ ಒಂದು ಹಲಗೆಯ ಆಟ ಮಾಡಿದರು. ಕಂಪ್ಯೂಟರ್ ಇಲ್ಲ, ಮೇಜಿನ ಮೇಲೆ ಹಾಸಿ ಆಡುವ ಆಟ. ಅದರಲ್ಲಿ ಕುಂಬಾರಿಕೆ, ಕಾನೂನು, ಖಗೋಳ ಎಂಬಂಥ ವಿದ್ಯೆಗಳ ಎಲೆಗಳಿದ್ದವು. ಒಂದು ಕೊಂಡರೆ ಇನ್ನೊಂದು ಅಗ್ಗ. ಎಲ್ಲ ಎಲೆಗಳೂ ಎಲ್ಲರ ಕಣ್ಣಮುಂದೆ, ಮುಚ್ಚುಮರೆ ಇಲ್ಲ. 1991ರಲ್ಲಿ ಅಮೇರಿಕದ ಸಿಡ್ ಮೈಯರ್ ಅದೇ ಹೆಸರಿನ ಕಂಪ್ಯೂಟರ್ ಆಟ ತಂದರು. ಅಲ್ಲಿ ಅಕ್ಷರ ಕಲಿತರೆ ಬರವಣಿಗೆ, ಕಂಚು ಕಲಿತರೆ ನಾಣ್ಯ, ಹೀಗೆ ಮರ ಬೆಳೆಯುತ್ತದೆ. ಆಟದ ನಡುವೆ ಒಮ್ಮೆ ಪರೀಕ್ಷೆಯೂ ಬರುತ್ತಿತ್ತು. ಒಂದು ವಿದ್ಯೆ ತೋರಿಸಿ, ಇದಕ್ಕೆ ಮೊದಲು ಯಾವೆರಡು ವಿದ್ಯೆ ಬೇಕು ಹೇಳು ಅಂತ ಕೇಳುತ್ತಿತ್ತು. ಉತ್ತರ ತಪ್ಪಿದರೆ ಸೈನ್ಯ ಕರಗುತ್ತಿತ್ತು. ಉತ್ತರ ಇದ್ದದ್ದು ಡಬ್ಬಿಯೊಳಗಿನ ಪುಸ್ತಕದಲ್ಲಿ. ಅಂದರೆ ರೊಕ್ಕ ಕೊಟ್ಟು ಡಬ್ಬಿ ಕೊಂಡವನ ಹತ್ತಿರ ತಕ್ತೆ ಇದೆ, ಕದ್ದು ನಕಲು ಮಾಡಿಕೊಂಡವನ ಹತ್ತಿರ ಇಲ್ಲ. ಇದು ನನಗೆ ಬಹಳ ಮೋಜಿನ ಸಂಗತಿ ಅನಿಸಿತು. ಅಲ್ಲಿ ತಕ್ತೆ ನೋಡಿ ಆಡುವವನೇ ಸಾಚಾ, ತಕ್ತೆ ಇಲ್ಲದವನೇ ಕಳ್ಳ! 1996ರ ಎರಡನೆಯ ಭಾಗದ ಡಬ್ಬಿಯಲ್ಲಂತೂ ಗೋಡೆಗೆ ಹಚ್ಚುವಷ್ಟು ದೊಡ್ಡ ತಕ್ತೆ ಇತ್ತು. ನಮ್ಮ ಹುಡುಗರು ಆಡುವ 1999ರ ಆಟದ ಡಬ್ಬಿಯಲ್ಲೂ ಮಡಚಿಟ್ಟ ತಕ್ತೆ ಬರುತ್ತಿತ್ತು. ನಮ್ಮ ಕಡೆ ಡಬ್ಬಿ ಕಂಡವರು ಯಾರಿದ್ದಾರೆ? ಇಲ್ಲಿಗೆ ಬಂದದ್ದು ಸಿ.ಡಿ. ಮಾತ್ರ, ಅದೂ ಎಷ್ಟನೆಯ ಕೈಯಿಂದಲೋ.

ಹಾಗಂತ ತಕ್ತೆ ಇಲ್ಲದೆ ಆಡಿದರೇ ಹೆಚ್ಚು ಸೊಗಸು ಎನ್ನುವವರು ಹುಡುಗರಷ್ಟೇ ಅಲ್ಲ. 1999ರಲ್ಲೇ ಬಂದ ‘ಆಲ್ಫಾ ಸೆಂಟೌರಿ’ ಎಂಬ ಆಟದಲ್ಲಿ ಕುರುಡು ಸಂಶೋಧನೆ ಅಂತ ಒಂದು ಪದ್ಧತಿ ಇತ್ತು. ಯಾವ ದಿಕ್ಕಿಗೆ ಹೋಗಬೇಕು ಅಂತಷ್ಟೇ ನೀವು ಹೇಳಬಹುದು, ಕೈಗೆ ಏನು ಬರುತ್ತದೆ ಅನ್ನುವುದು ಬಂದಾಗಲೇ ಗೊತ್ತು. ಖರೆ ಜಗತ್ತಿನಲ್ಲಿ ಸಂಶೋಧನೆ ನಡೆಯುವುದು ಹಂಗs ಅಲ್ಲವೇ? ಸಿಡಿಮದ್ದು ಹುಡುಕಬೇಕು ಅಂತ ಮೊದಲೇ ಗೊತ್ತಿದ್ದು ಯಾರೂ ಹುಡುಕಲಿಲ್ಲ. ಇದು ತೂಕದ ಮಾತು. ಆದರೂ ಅಲ್ಲಿ ಕುರುಡುತನ ಇಬ್ಬರಿಗೂ ಸಮ ಇತ್ತು. ನಮ್ಮ ವಾಚನಾಲಯದಲ್ಲಿ ಸಮ ಇರಲಿಲ್ಲ.

ಸಾಂಗಲಿ ಎಂದರೆ ಬುದ್ಧಿಬಳದ ಊರು. ಭಾವುಸಾಹೇಬ ಪಡಸಲಗೀಕರರು ಬೆಳೆಸಿದ ನೂತನ ಬುದ್ಧಿಬಳ ಮಂಡಳ ಅಲ್ಲಿದೆ. ಪದ್ಮಶ್ರೀ ಪಡೆದ ಭಾಗ್ಯಶ್ರೀ ಸಾಠೆ, ಮುಂದೆ ಠಿಪ್ಸೆ ಆದವರು, ಅದೇ ಊರಿನವರು. ಬುದ್ಧಿಬಳದ ಕಾಯಿದೆ ಏನು? ಪಂದ್ಯ ನಡೆದಾಗ ಚೀಟಿ, ಪುಸ್ತಕ, ಮೊಬೈಲ್ ಏನೂ ನೋಡುವಂತಿಲ್ಲ, ಯಾರ ಸಲಹೆಯನ್ನೂ ಕೇಳುವಂತಿಲ್ಲ. ಇದನ್ನು ಹಿಡಿದೇ ನಮ್ಮ ಮಾಸ್ತರರು ವಾದ ಮಾಡಿದ್ದು. ಆದರೆ ಇದೇ ಬುದ್ಧಿಬಳವನ್ನು ಮೊದಲು ಕಾರ್ಡು ಬರೆದು ಅಂಚೆಯಲ್ಲೂ ಆಡುತ್ತಿದ್ದರು, ಈಗಲೂ ಬೇರೆ ರೀತಿಯಿಂದ ಆಡುತ್ತಾರೆ. ಅದರಲ್ಲಿ ಎಷ್ಟು ಪುಸ್ತಕ ಬೇಕಾದರೂ ತೆರೆದಿಟ್ಟುಕೊಳ್ಳಬಹುದು. ಅದೇ ಹಲಗೆ, ಅದೇ ಆನೆ-ಕುದುರೆ. ಒಂದು ಕಡೆ ಪುಸ್ತಕ ನೋಡಿದರೆ ಪಂದ್ಯ ಸೋತಂತೆ, ಇನ್ನೊಂದು ಕಡೆ ನೋಡದಿದ್ದವನೇ ಆಲಸಿ. ಹಾಗಾದರೆ ತಪ್ಪು ಇರುವುದು ಪುಸ್ತಕದಲ್ಲಿ ಅಲ್ಲ, ಇಬ್ಬರೂ ಒಪ್ಪಿದ್ದನ್ನು ಒಬ್ಬ ಮುರಿಯುವುದರಲ್ಲಿ.

ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರದ ಮಾಸ್ತರರು ಆಟ ಎಂದರೇನು ಅಂತ 1978ರಲ್ಲಿ ಒಂದು ಇಡೀ ಪುಸ್ತಕ ಬರೆದರು. ಅವರ ಮಾತಿನ ಸಾರ ಇಷ್ಟು: ಸುಲಭದ ದಾರಿ ಇದ್ದರೂ, ಬೇಕಂತಲೇ ಅಡಚಣಿ ತಂದುಕೊಂಡು, ಆ ಅಡಚಣಿ ದಾಟುವುದಕ್ಕೇ ಆಟ ಅನ್ನುವುದು. ನಮ್ಮ ಹುತೂತು ನೋಡ್ರಿ. ಉಸಿರು ಬಿಟ್ಟು ಆರಾಮಾಗಿ ಹೋಗಿ ಮುಟ್ಟಿ ಬರಬಾರದೇಕೆ? ಬಂದರೆ ಅದು ಹುತೂತು ಆಗುವುದಿಲ್ಲ. ಉಸಿರೇ ಅಲ್ಲಿಯ ಅಡಚಣಿ. ಹಾಗಾದರೆ ಹುಡುಗರ ಆಟದಲ್ಲಿ ಅಡಚಣಿ ಯಾವುದು? ಕತ್ತಿ ಹದ ಮಾಡುವುದಕ್ಕೆ ಎಷ್ಟು ಆಹಾರ, ಎಷ್ಟು ಬಂಗಾರ ಎಂಬುದನ್ನು ಬಾಯಿಪಾಠ ಮಾಡುವುದೇ? ನಾನು ನಾಲ್ಕು ದಿನ ಹಿಂದೆ ಕುಂತು ನೋಡಿದೆ. ಅಲ್ಲಿಯ ಕಷ್ಟ ಬೇರೆಯೇ ಇದೆ. ಎದುರಾಳಿ ಬಂದು ಹೊಲ ಸುಡುತ್ತಿರುವಾಗ ಮಂದಿಯನ್ನು ಕಟ್ಟಿಗೆಗೆ ಕಳಿಸಲೋ, ಕೋಟೆಗೆ ಕಳಿಸಲೋ? ಬಂಗಾರ ತೀರುತ್ತಾ ಬಂದಿದೆ, ಈಗ ಇದ್ದದ್ದರಲ್ಲಿ ವಿದ್ಯೆ ಕಲಿಯಲೋ, ದಂಡು ಹೆಚ್ಚಿಸಲೋ? ಇದಕ್ಕೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಉತ್ತರ ಇಲ್ಲ. ತಕ್ತೆ ಯಾವ ದಾರಿಗಳು ಇವೆ ಅಂತ ತೋರಿಸುತ್ತದೆ. ಯಾವುದಕ್ಕೆ ಹೋಗು ಅಂತ ಹೇಳುವುದಿಲ್ಲ. ಚೀಟಿ ಹಾಗಲ್ಲ, ಚೀಟಿಯಲ್ಲಿ ಉತ್ತರವೇ ಇರುತ್ತದೆ. ಅದಕ್ಕೇ ಪರೀಕ್ಷೆಯ ಹೋಲಿಕೆ ಕೂಡುವುದಿಲ್ಲ ಅಂದದ್ದು.

ನಮ್ಮಲ್ಲಿ ಭಜನೆಗೆ ಕೂಡುವ ಹಿರಿಯರೊಬ್ಬರು ಸುಮ್ಮನೆ ಕೇಳಿದರು: “ಅಲ್ಲಪಾ, ತಲ್ಯಾಗಿದ್ರ ಅದು ವಿದ್ಯಾ, ಕಾಗದದಾಗಿದ್ರ ಮೋಸಾ?” ಕೇಳಿ ನಳ-ಪುಷ್ಕರರ ಕತೆ ತೆಗೆದರು. ಕನಕದಾಸರ ನಳಚರಿತ್ರೆ ನಮ್ಮ ಕಡೆ ಕೇಳದವರು ಕಡಿಮೆ. ಮೂಲ ಕತೆ ಮಹಾಭಾರತದ ವನಪರ್ವದ್ದು. ನಳ ಜೂಜಿನಲ್ಲಿ ತಮ್ಮ ಪುಷ್ಕರನಿಗೆ ರಾಜ್ಯ ಸೋತ. ಮುಂದೆ ಬಾಹುಕ ಎಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಸಾರಥಿಯಾದ. ರಥ ಓಡುತ್ತಿರುವಾಗ ಋತುಪರ್ಣ ದಾರಿಯ ಒಂದು ತಾರೆ ಮರ ತೋರಿಸಿ ಅದರ ಎಲೆ ಎಷ್ಟು, ಕಾಯಿ ಎಷ್ಟು ಅಂತ ಕುಂತಲ್ಲಿಂದಲೇ ಹೇಳಿದ. ನಳ ನಂಬಲಿಲ್ಲ. ರಥ ನಿಲ್ಲಿಸಿ, ಇಳಿದು, ಮರ ಕಡಿದು ಎಣಿಸಿದ. ಲೆಕ್ಕ ಸರಿ ಬಂತು. ಆ ಎಣಿಕೆಯ ವಿದ್ಯೆಯೇ ದಾಳದ ಮರ್ಮ, ಅಕ್ಷಹೃದಯ. ಋತುಪರ್ಣ ಅದನ್ನು ನಳನಿಗೆ ಕೊಟ್ಟ. ಬದಲಿಗೆ ನಳ ತನ್ನ ಕುದುರೆಯ ವಿದ್ಯೆ ಕೊಡಲು ಒಪ್ಪಿದ. ಆಮೇಲೆ ನಳ ಪುಷ್ಕರನನ್ನು ಕರೆದು ಒಂದೇ ಆಟದಲ್ಲಿ ಎಲ್ಲ ಗೆದ್ದ.

ನಳ ಮೋಸ ಮಾಡಿದ ಅಂತ ನಮ್ಮಲ್ಲಿ ಯಾರೂ ಅನ್ನುವುದಿಲ್ಲ. ಆದರೆ ನಾನೊಂದು ಇವತ್ತು ಕೇಳುತ್ತೇನೆ. ದಾಳದ ಮರ್ಮ ಕಲಿತು ಬಂದೇನಿ ಅಂತ ನಳ ಪುಷ್ಕರನಿಗೆ ಹೇಳಲಿಲ್ಲವಲ್ಲ? ಮೊದಲಿನ ಆಟದಲ್ಲಿ ಪುಷ್ಕರನ ಬೆನ್ನಿಗೆ ಕಲಿ ಇದ್ದ, ಅದನ್ನು ಪುಷ್ಕರನೂ ಹೇಳಿರಲಿಲ್ಲ. ನಮಗೆ ನಳನ ಮೇಲೆ ಪ್ರೀತಿ ಇರುವುದರಿಂದ ಒಂದು ಮೋಸವಾಗಿ, ಇನ್ನೊಂದು ವಿದ್ಯೆಯಾಗಿ ಕಾಣುತ್ತದೆ. ಪ್ರೀತಿ ಪಕ್ಕಕ್ಕಿಟ್ಟು ನೋಡಿದರೆ ಎರಡೂ ಆಟದಲ್ಲಿ ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಕಾಣಲಿಲ್ಲ. ನ್ಯಾಯ-ಅನ್ಯಾಯದ ಗಂಟು ಇರುವುದು ಇಲ್ಲಿ ಅಂತ ನನ್ನ ತಿಳುವಳಿಕೆ. ತಲೆಯೋ ಕಾಗದವೋ ಎಂಬುದು ದೊಡ್ಡ ಮಾತಲ್ಲ. ಆಟದ ಹಾದಿ ಎದುರಿಗೆ ಕುಂತವನಿಗೂ ಕಾಣುತ್ತದೆಯೇ, ಇಲ್ಲವೇ?

ಹೀಗೆ ನೋಡಿದರೆ ನಮ್ಮ ಹುಡುಗರ ಜಗಳ ತಿರುಗಿ ಬೀಳುತ್ತದೆ. ಕನ್ನಡದಲ್ಲಿ ಬರೆದುಕೊಂಡವನ ಮೇಲೆ ಎಲ್ಲರೂ ಬಿದ್ದರು. ಅದಕ್ಕಿಂತ ಮೊದಲು ಎರಡು ವರ್ಷ ಇಂಗ್ಲಿಷ್ ಬಲ್ಲ ಹುಡುಗರು ಅದೇ ಮರ ನೋಡಿ ಆಡುತ್ತಿದ್ದಾಗ ಯಾರೂ ಮೋಸ ಅನ್ನಲಿಲ್ಲ. ಅವರ ತಕ್ತೆ ಪರದೆಯೊಳಗಿತ್ತು, ಅದಕ್ಕೇ ಕಣ್ಣಿಗೆ ಬೀಳಲಿಲ್ಲ. ಬಲ್ಲ ಭಾಷೆಯೂ ಒಂದು ತಕ್ತೆಯೇ. ಅದು ಇದ್ದವನಿಗೆ ಇದೆ ಅಂತ ಗೊತ್ತೇ ಆಗುವುದಿಲ್ಲ.

ಆ ಹುಡುಗನ ಕಡೆಗೂ ಒಂದು ತಕರಾರು ಇತ್ತು. ಎಲ್ಲರಿಗೂ ಕೊಡಪಾ, ಝೆರಾಕ್ಸ್ ಮಾಡಿಸೋಣ ಅಂದಾಗ, “ನಾ ಹದಿನೈದ ದಿನಾ ಕಣ್ಣ ಕೆಡಿಸಿಕೊಂಡ ಬರದೇನ್ರಿ, ಇವರಿಗ್ಯಾಕ ಪುಕ್ಕಟ ಕೊಡ್ಲಿ?” ಅಂದ. ಅವನ ಮಾತು ಸುಮ್ಮನೆ ತೆಗೆದುಹಾಕುವಂಥದಲ್ಲ. ಊರವರು ಸಾಮಾನ್ಯವಾಗಿ ದುಡಿದವನಿಗೆ ಶಾಭಾಸ್ ಹೇಳಿ ದುಡಿಮೆ ಮಾತ್ರ ಎತ್ತಿಕೊಂಡು ಹೋಗುತ್ತಾರೆ. ಋತುಪರ್ಣ ಕೂಡ ಪುಕ್ಕಟೆ ಕೊಡಲಿಲ್ಲ, ಕುದುರೆಯ ವಿದ್ಯೆ ಕೇಳಿದ. ಹುಡುಗನಿಗೂ ಬದಲಿ ಸಿಗಬೇಕು, ತಕ್ತೆಯ ಮೇಲೆ ಅವನ ಹೆಸರು ಇರಬೇಕು, ಸೂಟಿಯಲ್ಲಿ ಒಂದು ತಾಸು ಹೆಚ್ಚು ಅವನಿಗೆ ಕೊಟ್ಟರೂ ನನ್ನ ಒಪ್ಪಿಗೆ ಇದೆ. ಆದರೆ ಎಲ್ಲರ ವರ್ಗಣಿಯ ಕಂಪ್ಯೂಟರಿನ ಮೇಲೆ ಆಡುವಾಗ ತಕ್ತೆಯನ್ನು ಕಿಸೆಯಲ್ಲಿಟ್ಟು ಗೆಲ್ಲುವ ಹಕ್ಕು ಅವನಿಗೆ ಇಲ್ಲ. ದುಡಿಮೆಗೆ ಮರ್ಯಾದೆ ಬೇರೆ, ದಾರಿ ಮುಚ್ಚುವ ಅಧಿಕಾರ ಬೇರೆ. ನಿಘಂಟು ಅವನಿಗೆ ಸಿಕ್ಕಿದ್ದೂ ಇದೇ ವಾಚನಾಲಯದ ಕಪಾಟಿನಿಂದ.

ಇನ್ನು ಶಾಲೆಯ ಬಾಗಿಲಿಗೆ ಬರೋಣ. ಪ್ರತಿ ವರ್ಷ ಜೂನಿನ ಸುಮಾರಿಗೆ ಹೈಸ್ಕೂಲುಗಳ ಗೋಡೆಗೆ, ಪೇಪರಿನ ಪುರವಣಿಗೆ ಒಂದು ತಕ್ತೆ ಬರುತ್ತದೆ: ಹತ್ತನೆತ್ತೆ ಆದ ಮೇಲೆ ಮುಂದೇನು? ನೋಡಿದವರಿಗೆ ಗೊತ್ತು, ಅದೂ ಒಂದು ಮರವೇ. ಬುಡದಲ್ಲಿ ಎಸ್.ಎಸ್.ಸಿ. ಅಲ್ಲಿಂದ ಒಂದು ಟೊಂಗೆ ಹನ್ನೊಂದು-ಹನ್ನೆರಡನೆತ್ತೆಗೆ, ಒಂದು ಐ.ಟಿ.ಐ.ಗೆ, ಒಂದು ಡಿಪ್ಲೊಮಾಕ್ಕೆ. ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಹಾರಬಹುದು, ಡಿಪ್ಲೊಮಾದವನು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ. ಜೀವಶಾಸ್ತ್ರ ಕಲಿಯದವನಿಗೆ ಡಾಕ್ಟರಿನ ಟೊಂಗೆ ಇಲ್ಲ. ಒಂದು ಕಲಿಯದೆ ಮುಂದಿನದಿಲ್ಲ ಎಂಬ ಕಾಯಿದೆ ಇಲ್ಲೂ ಇದೆ. ಆಟದಲ್ಲಿ ತಪ್ಪಿದರೆ ಮತ್ತೊಂದು ಆಟ ಹೂಡಬಹುದು, ಇಲ್ಲಿ ಹೂಡಲಾಗುವುದಿಲ್ಲ.

ಈ ತಕ್ತೆ ಮಕ್ಕಳಿಗೆ ತೋರಿಸುವುದು ಕಾಪಿ ಹೊಡೆಸಿದಂತೆ ಅಂತ ಯಾರಾದರೂ ಅನ್ನುತ್ತಾರೆಯೇ? ಅನ್ನುವುದಿಲ್ಲ. ಆದರೆ ಯಾರಿಗೆ ಕಾಣುತ್ತದೆ ಎಂಬ ಪ್ರಶ್ನೆ ಇಲ್ಲೂ ಹಾಗೇ ಇದೆ. ಮಿರಜದಿಂದ ಪೂರ್ವಕ್ಕೆ ಆರಗ, ಸಲಗರೆ ದಾಟಿ ಜತ್ತ ತಾಲೂಕಿನ ಸಂಖ, ಉಮದಿಯವರೆಗೆ ಮನೆಯಲ್ಲಿ ಕನ್ನಡ ಆಡುವ ಮಂದಿ ಇದ್ದೇವೆ. ಕನ್ನಡ ಶಾಲೆಗಳಿವೆ, ಪುಸ್ತಕವೂ ಕನ್ನಡದಲ್ಲಿ. ಗೋಡೆಯ ಮೇಲಿನ ಮರ ಮಾತ್ರ ಮರಾಠಿಯಲ್ಲಿ, ಫಾರ್ಮು ಇಂಗ್ಲಿಷಿನಲ್ಲಿ. ಹುಡುಗರು ಹೇಗೋ ಓದಿಕೊಳ್ಳುತ್ತಾರೆ. ತಾಯಿ-ತಂದೆಗೆ ಅದು ಚಿತ್ರ ಅಷ್ಟೆ.

ಅದಕ್ಕಿಂತ ಕೆಟ್ಟದ್ದು ಅರ್ಧ ತಕ್ತೆ. ನಮ್ಮ ಓಣಿಯ ಒಬ್ಬ ಹುಡುಗಿ ಹನ್ನೆರಡನೆತ್ತೆಯಲ್ಲಿ ಒಳ್ಳೆ ಗುಣ ತೆಗೆದು ವೃತ್ತಿಶಿಕ್ಷಣಕ್ಕೆ ಅರ್ಜಿ ಹಾಕಿದಳು. ಮೀಸಲು ಜಾಗಕ್ಕೆ ಜಾತಿಯ ದಾಖಲೆ ಸಾಲದು, ಅದರ ಮೇಲೆ ಜಾತ ಪಡತಾಳಣಿ ಪ್ರಮಾಣಪತ್ರ ಬೇಕು ಎಂದರು. ಅದಕ್ಕೆ ಹಳೆಯ ಪುರಾವೆ ಬೇಕು. ಓ.ಬಿ.ಸಿ.ಯವರಾದರೆ 13 ಅಕ್ಟೋಬರ್ 1967ಕ್ಕೆ ಮೊದಲೇ ಮನೆತನ ಈ ರಾಜ್ಯದಲ್ಲಿತ್ತು ಅಂತ ತೋರಿಸಬೇಕು. ಬೇರೆ ವರ್ಗಗಳಿಗೆ ತಾರೀಖು ಇನ್ನೂ ಹಿಂದಿನದು. ಅವಳ ಅಜ್ಜ ಕಲಿತದ್ದು ಗಡಿಯ ಆಚೆ ಅಥಣಿ ಕಡೆಯ ಸಾಲಿಯಲ್ಲಿ. ದುಡಿದದ್ದು, ಸತ್ತದ್ದು ಈಚೆ. ಗಡಿ ಗೆರೆ ಎಳೆಯುವ ಮೊದಲು ಸೋದರಮಾವನ ಊರಿಗೆ ಹೋಗುವುದು ಬೇರೆ ರಾಜ್ಯಕ್ಕೆ ಹೋದಂತೆ ಅಂತ ಯಾರಿಗೆ ಗೊತ್ತಿತ್ತು! ಕಾಗದ ಕೂಡಿಸುವುದರೊಳಗೆ ಆ ವರ್ಷದ ಪ್ರವೇಶ ಮುಗಿದಿತ್ತು. ಹುಡುಗಿಗೆ ಬುದ್ಧಿ ಕಡಿಮೆ ಇರಲಿಲ್ಲ. ಈ ಕಾಗದ ಹನ್ನೊಂದನೆತ್ತೆಯಲ್ಲೇ ಮಾಡಿಸಿಡಬೇಕು ಎಂಬ ಗೆರೆ ಗೋಡೆಯ ಮರದಲ್ಲಿ ಇರಲಿಲ್ಲ. ಗೊತ್ತಿದ್ದವರ ಮನೆಯ ಮಕ್ಕಳಿಗೆ ಮನೆಯಲ್ಲೇ ಗೊತ್ತಾಗಿತ್ತು. ಚಕ್ರವ್ಯೂಹದೊಳಗೆ ಹೋಗುವುದಷ್ಟೇ ಅಭಿಮನ್ಯುವಿಗೆ ಗೊತ್ತಿತ್ತು ಅಂತ ನಾವು ಪಾಠ ಹೇಳುತ್ತೇವೆ, ಅರ್ಧ ತಕ್ತೆಯ ಕತೆ ಅದು ಅಂತ ಹೇಳುವುದಿಲ್ಲ.

ಹಾಗಾದರೆ ಪೂರ್ತಿ ಮರ ಕನ್ನಡದಲ್ಲಿ ಬರೆದು ಎಲ್ಲರ ಮುಂದೆ ಇಟ್ಟರೆ ಎಲ್ಲ ಸರಿಹೋಯಿತೇ? ನಮ್ಮ ಗೆಳೆಯರೊಬ್ಬರು, ನಿವೃತ್ತ ಮಾಸ್ತರರು, ತಲೆ ಅಲ್ಲಾಡಿಸಿದರು. “ಎಲ್ಲಾರೂ ಒಂದ ತಕ್ತೆ ನೋಡಿದ್ರ ಎಲ್ಲಾರೂ ಒಂದs ಹಾದಿ ಹಿಡಿತಾರ. ಡಿ.ಎಡ್. ನೆನಪಿಲ್ಲೇನು?” ಅಂದರು. ನೆನಪಿದೆ. 2000ದ ಆಚೆ-ಈಚೆ ಹನ್ನೆರಡನೆತ್ತೆ ಮುಗಿದ ಮೇಲೆ ಡಿ.ಎಡ್. ಮಾಡಿದರೆ ಮಾಸ್ತರಿಕೆ ಗ್ಯಾರಂಟಿ ಅಂತ ನಮ್ಮ ಕಡೆಯ ಪ್ರತಿ ಮನೆಯಲ್ಲೂ ಮಾತು. ಮಹಾರಾಷ್ಟ್ರದಲ್ಲಿ ಊರಿಗೊಂದರಂತೆ ಡಿ.ಎಡ್. ಕಾಲೇಜು ಎದ್ದವು. ಹೊಲ ಮಾರಿ ಕಲಿಸಿದವರಿದ್ದಾರೆ. 2010ರ ನಂತರ ಭರತಿ ಹೆಚ್ಚುಕಡಿಮೆ ನಿಂತೇ ಹೋಯಿತು. 2013ರಲ್ಲಿ ಟಿ.ಇ.ಟಿ. ಎಂಬ ಹೊಸ ಪರೀಕ್ಷೆ ನಡುವೆ ಬಂದು ಕೂತಿತು. ಡಿ.ಎಡ್. ಕೈಯಲ್ಲಿದ್ದವರು ಮತ್ತೆ ಪರೀಕ್ಷೆಗೆ ಕೂತರು. ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ಕಲಿತವರಲ್ಲಿ ಕೆಲವರು ಇವತ್ತು ಮಿರಜದ ಎಂ.ಐ.ಡಿ.ಸಿ.ಯಲ್ಲಿ ಪಾಳಿ ಮಾಡುತ್ತಾರೆ, ಕೆಲವರು ದ್ರಾಕ್ಷಿ ತೋಟದಲ್ಲಿದ್ದಾರೆ.

ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ, ಸ್ವಲ್ಪ ಇದೆ. ಆಟದ ಮರಕ್ಕೂ ಗೋಡೆಯ ಮರಕ್ಕೂ ದೊಡ್ಡ ವ್ಯತ್ಯಾಸ ಇದೇ. ಆಟದಲ್ಲಿ ಎಷ್ಟೇ ಜನ ಕಂಬಾರಸಾಲೆ ಕಟ್ಟಿದರೂ ಕತ್ತಿಯ ಬೆಲೆ ಬದಲಾಗುವುದಿಲ್ಲ. ಆಟ ಅರ್ಧಕ್ಕೆ ಬಂದಾಗ, ಇನ್ನೊಂದು ವಿದ್ಯೆ ಕಲಿತರೇ ತೋಪು ಅಂತ ಯಾರೂ ಗೆರೆ ಸೇರಿಸುವುದಿಲ್ಲ. ಆಟ ಮಾಡಿದವರೇ ಮರ ಬರೆದವರು, ಹಾಗಾಗಿ ಮರ ಸುಳ್ಳು ಹೇಳುವುದಿಲ್ಲ. ಗೋಡೆಯ ಮರ ಬರೆದವರು ಹಿಂದೆ ಹೋದವರನ್ನು ನೋಡಿ ಬರೆದಿದ್ದಾರೆ. ಟೊಂಗೆ ಇದೆ ಅಂತ ತೋರಿಸುತ್ತಾರೆ, ಆ ಟೊಂಗೆಯ ಮೇಲೆ ಆಗಲೇ ಎಷ್ಟು ಮಂದಿ ಕುಂತಿದ್ದಾರೆ ಅಂತ ತೋರಿಸುವುದಿಲ್ಲ. ನಳ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ರಾಜ ಹೇಳಿದ ಅಂತ ನಂಬಲಿಲ್ಲ, ರಥ ತಡವಾದರೂ ಇಳಿದು ಎಣಿಸಿದ. ಡಿ.ಎಡ್. ಕಾಲದಲ್ಲಿ ಇಳಿದು ಎಣಿಸಿದವರು ಕಡಿಮೆ. ಎಣಿಸಬೇಕಾದದ್ದು ಹದಿನೆಂಟು ವರ್ಷದ ಹುಡುಗರ ಕೆಲಸ ಆಗಿತ್ತು ಅಂತ ನಾನು ಅನ್ನುವುದಿಲ್ಲ. ಕಾಲೇಜಿಗೆ ಒಪ್ಪಿಗೆ ಕೊಟ್ಟವರ ಕೆಲಸ ಆಗಿತ್ತು ಅದು. ಆದರೂ ತಕ್ತೆ ಮುಚ್ಚಿಡುವುದು ಇದಕ್ಕೆ ಮದ್ದಲ್ಲ. ಮುಚ್ಚಿಟ್ಟಿದ್ದರೆ ಉಳ್ಳವರ ಮಕ್ಕಳು ಬೇರೆ ಟೊಂಗೆ ಹುಡುಕಿಕೊಂಡು, ನಮ್ಮವರು ಇನ್ನೂ ಹತ್ತು ವರ್ಷ ಅದೇ ಟೊಂಗೆಗೆ ಜೋತುಬೀಳುತ್ತಿದ್ದರು.

ಮರದಲ್ಲಿ ಬರೆಯದೇ ಇದ್ದ ಟೊಂಗೆಯ ಮಾತು ಹೇಳದೆ ಈ ಬರಹ ಬಿಡಲಾರೆ, ಯಾಕಂದರೆ ಅದು ನಮ್ಮ ಮಿರಜದ್ದೇ. ಹುಡುಗರ ಆಟದಲ್ಲಿ ಕಂಬಾರಸಾಲೆಯಿಂದ ಹೊರಡುವ ಟೊಂಗೆಗಳನ್ನು ನಾನು ಬೆರಳಿಟ್ಟು ನೋಡಿದೆ. ಕತ್ತಿ ಹದ ಮಾಡುವುದು, ಅದಕ್ಕಿಂತ ಚೆಂದ ಹದ ಮಾಡುವುದು, ಬಾಣದ ಮೊನೆ, ಕವಚ, ಕುದುರೆಯ ಕವಚ. ಎಲ್ಲ ಯುದ್ಧಕ್ಕೇ. ಮಿರಜದಲ್ಲಿ ಶಿಕಲಗಾರ ಮನೆತನಗಳಿದ್ದವು. ಪಟವರ್ಧನರ ಸಂಸ್ಥಾನದ ಕಾಲದಲ್ಲಿ ಆಯುಧ ಮಾಡುವುದು, ಮಸೆಯುವುದು ಅವರ ಕಸುಬು. ಇಂಗ್ರಜಿ ಆಳಿಕೆ ಬಂದು ಕತ್ತಿಗೆ ಗಿರಾಕಿ ಇಲ್ಲವಾಯಿತು. 19ನೇ ಶತಮಾನದ ನಡುವಿನಲ್ಲಿ ಆ ಮನೆತನದ ಫರೀದಸಾಹೇಬರು ತಂಬೂರಿ, ಸಿತಾರ ದುರಸ್ತಿ ಮಾಡುತ್ತಾ ಮಾಡುತ್ತಾ ಹೊಸದನ್ನೇ ಕಟ್ಟಲು ಕಲಿತರು. ಲೋಹ ಬಲ್ಲ ಕೈಗೆ ತಂತಿ ಗೊತ್ತು, ಮರ ಕೆತ್ತುವುದು ಕಲಿತುಕೊಂಡಿತು. ಪಂಢರಪುರ, ಮಂಗಳವೇಢೆ ಕಡೆಯಿಂದ ಒಣಗಿದ ದೊಡ್ಡ ಬುರುಡೆ ಬಂದವು. ಅಬ್ದುಲ್ ಕರೀಂ ಖಾನ ಸಾಹೇಬರು ಮಿರಜದಲ್ಲಿ ನೆಲೆಸಿದ ಮೇಲೆ ಊರಿನ ತಂಬೂರಿಗೆ ಹಾಡುವವರ ಕಿವಿಯ ಪರೀಕ್ಷೆಯೂ ಸಿಕ್ಕಿತು. ಇವತ್ತು ದೇಶದ ದೊಡ್ಡ ದೊಡ್ಡ ಹಾಡುಗಾರರ ಬೆನ್ನಿಗೆ ನುಡಿಯುವ ತಂಬೂರಿ ಮಿರಜದ್ದು. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಜಿ.ಐ. ಮಾನ್ಯತೆ ಬಂತು.

1850ರಲ್ಲಿ ಯಾರಾದರೂ ಶಿಕಲಗಾರರ ಮನೆಯ ಗೋಡೆಗೆ ಮುಂದೇನು ಎಂಬ ತಕ್ತೆ ಹಚ್ಚಿದ್ದರೆ ಅದರಲ್ಲಿ ಏನಿರುತ್ತಿತ್ತು? ಬಂದೂಕು ದುರಸ್ತಿ, ಕುಡಗೋಲು, ಕತ್ತರಿ. ತಂಬೂರಿ ಇರುತ್ತಿರಲಿಲ್ಲ. ಬರೆಯುವವನಿಗೆ ಅದು ಹೊಳೆಯುತ್ತಲೇ ಇರಲಿಲ್ಲ. ಈಗಿನ ತಕ್ತೆಯಲ್ಲೂ ನಾನು ಹುಡುಕಿದೆ. ಫಿಟ್ಟರ್ ಇದೆ, ವೆಲ್ಡರ್ ಇದೆ, ಹಾಟೆಲ್ ಮ್ಯಾನೇಜ್‌ಮೆಂಟ್ ಇದೆ. ಮಿರಜದ ದರ್ಗಾದ ಹತ್ತಿರ, ಆ ತಕ್ತೆ ಅಂಟಿಸಿದ ಹೈಸ್ಕೂಲಿನಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿಯಲ್ಲಿ, ಜಗತ್ತೆಲ್ಲ ಕೇಳುವ ವಾದ್ಯ ಮಾಡುತ್ತಾರೆ. ಆ ಕೆಲಸ ಕಲಿಯಲು ಎಲ್ಲಿಗೆ ಹೋಗಬೇಕು, ಎಷ್ಟು ವರ್ಷ ಹಿಡಿಯುತ್ತದೆ, ಕಲಿತರೆ ಹೊಟ್ಟೆ ತುಂಬುತ್ತದೆಯೇ ಅಂತ ಅದರಲ್ಲಿ ಒಂದು ಸಾಲೂ ಇಲ್ಲ. ಕಲಿಯುವ ಹುಡುಗರು ಕಡಿಮೆಯಾಗಿದ್ದಾರೆ ಅಂತ ಅಲ್ಲಿಯ ಕಾರಿಗರರು ಹೇಳುತ್ತಾರೆ.